ಎಡಗೈ ಗಂಟು

ಅಪ್ಪಾ,

ನೀನಿದ್ದಾಗ ನಿನಗೆ ಒಂದು ಸಾಲು ಬರೆದವಳಲ್ಲ ನಾನು. ಹೊನ್ನಾವರಕ್ಕೂ ಕುಮಟೆಗೂ ಎಷ್ಟು ದೂರ? ಏನಿದ್ದರೂ ಫೋನಿನಲ್ಲಿ ಕೂಗಿ ಹೇಳುತ್ತಿದ್ದೆ, ನಿನಗೆ ಕೇಳದಿದ್ದರೆ ಇನ್ನೊಮ್ಮೆ ಕೂಗುತ್ತಿದ್ದೆ. ಈಗಲೂ ಕೂಗಬೇಕು ಅನ್ನುವಷ್ಟು ಸಿಟ್ಟಿದೆ, ಕೇಳಿಸಿಕೊಳ್ಳಲು ನೀನಿಲ್ಲ. ನಿನ್ನ ವರ್ಷಾಂತಿಕ ಮುಗಿದು ಇನ್ನೂ ತಿಂಗಳಾಗಿಲ್ಲ. ಹೋದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅಂತ ಅವತ್ತು ಊಟಕ್ಕೆ ಬಂದವರೆಲ್ಲ ಹೇಳಿದರು, ಆಗ ನನಗೆ ಸಿಟ್ಟೇ ಇರಲಿಲ್ಲ, ಸುಮ್ಮನೆ ತಲೆಯಾಡಿಸಿದ್ದೆ. ಈಗ ಬಂದಿದೆ. ಹೋದವರು ಮಾಡಿಟ್ಟು ಹೋದದ್ದನ್ನು ಮತ್ತೆ ಯಾರ ಹತ್ತಿರ ಕೇಳಬೇಕು, ನೀನೇ ಹೇಳು.

ಕಾಸರಕೋಡಿನ ಶೆಡ್ಡಿನಿಂದ ಆ ಬಲೆಯನ್ನು ಹೊರಗೆ ಎಳೆದ ಬೆಳಿಗ್ಗೆ ನಿನಗೆ ನೆನಪಿರಲೇಬೇಕು. ನಾನು ಕೆಲಸ ಮಾಡುವ ವಿಶ್ವವಿದ್ಯಾಲಯದ ಕಲಾ ಸಂಗ್ರಹಾಲಯದವರು ಕುಮಟೆಯ ಕೇಂದ್ರಕ್ಕೆ ಕರಾವಳಿಯ ಕೈಕೆಲಸ ಹುಡುಕುತ್ತಿದ್ದರು. ಶಾಲೆಯ ಮಕ್ಕಳನ್ನು ಕರೆತರುವುದು, ಊರಿನವರನ್ನು ಬಸ್ಸಿನಲ್ಲಿ ಕರೆಸಿ ತೋರಿಸುವುದು ನನ್ನ ಪಾಲಿನ ಕೆಲಸ. ನಾನೇ ನಿರ್ದೇಶಕರಿಗೆ, 'ನಮ್ಮಪ್ಪನ ಹತ್ತಿರ ಹಳೆಯ ರಂಪಣಿ ಬಲೆಯಿದೆ ಸರ್' ಎಂದು ಹೇಳಿದ್ದು. ಎಷ್ಟು ಹೆಮ್ಮೆಯಿಂದ ಹೇಳಿದ್ದೆ, ಥೂ. ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ಬಲೆ, ದೊಡ್ಡ ಬೋಟುಗಳು ಬಂದ ಮೇಲೆ ಮೂಲೆ ಸೇರಿದ್ದು. ಅದರಲ್ಲಿ ಇಲಿ ಕಡಿಯದೆ ಉಳಿದದ್ದೇ ಒಂದು ಜೀಪಿನಷ್ಟಿತ್ತು. ನೀನು ಪಂಚೆ ಎತ್ತಿ ಕಟ್ಟಿ, ಮರಳಿನ ಮೇಲೆ ಅದನ್ನು ಹಾಸಿಸಿ, ಮದುವೆ ಮನೆಯ ಯಜಮಾನನ ಹಾಗೆ ಓಡಾಡಿದೆ.

ನಿರ್ದೇಶಕರು ಅವತ್ತು ಕೇಳಿದ ಪ್ರಶ್ನೆ ಒಂದೇ: 'ಇದನ್ನು ಕಟ್ಟಿದವರು ಯಾರು?' ನೀನು ನಕ್ಕೆ. ರಂಪಣಿಯನ್ನು ಒಬ್ಬರು ಕಟ್ಟುವುದಲ್ಲ, ಮನೆಗೊಂದೋ ಎರಡೋ ತುಂಡು, ಮಳೆಗಾಲ ಮುಗಿದ ಮೇಲೆ ಎಲ್ಲ ತುಂಡುಗಳನ್ನೂ ದಡದಲ್ಲಿ ಜೋಡಿಸುವುದು ಎಂದು ಹೇಳಿದೆ. ಜೋಡಿಸುವಾಗ ಎಳೆಯುವವರ ಮುಖಂಡ, ತಂಡೇಲನಾದವನು, ಬಲೆಯನ್ನು ಈ ತುದಿಯಿಂದ ಆ ತುದಿಗೆ ಕೈಯಲ್ಲಿ ಹಾಯಿಸುತ್ತಾ, ಒಂದೊಂದು ತುಂಡು ಬಂದಾಗ ಅದನ್ನು ಕಟ್ಟಿದವರ ಹೆಸರು ಕೂಗಬೇಕು. ಕರೆಸಿಕೊಂಡವರು 'ಓ' ಅನ್ನಬೇಕು. ಅವರು ಬಾರದಿದ್ದರೆ, ಇಲ್ಲವೇ ತೀರಿಕೊಂಡಿದ್ದರೆ, ಆ ಮನೆಯವರು ಯಾರಾದರೂ ಅವರ ಪರವಾಗಿ ಓಗೊಡಬೇಕು. ಓಗೊಡುವವರಿಲ್ಲದ ತುಂಡನ್ನು ಬಲೆಗೆ ಸೇರಿಸುವಂತಿಲ್ಲ. ಎಷ್ಟೋ ವರ್ಷ ನೀನೇ ತಂಡೇಲ, ನೀನೇ ಕೂಗುತ್ತಿದ್ದವನು. ಅವತ್ತೂ ಹಾಗೇ ಬಲೆಯನ್ನು ಹಾಯಿಸುತ್ತಾ ಹೋದೆ, ಹೆಸರು ಹೇಳುತ್ತಾ ಹೋದೆ, ನಾನು ಫೋನು ಹಿಡಿದು ಎಲ್ಲವನ್ನೂ ಚಿತ್ರೀಕರಿಸಿದೆ.

ನಡುಭಾಗಕ್ಕೆ ಬಂದಾಗ ನೀನು ನಿಂತೆ. ಹೆಣಿಗೆಯ ಕಣ್ಣುಗಳು ಅಷ್ಟು ಸಮನಾಗಿದ್ದ ತುಂಡು ಬಲೆಯಲ್ಲೇ ಬೇರೆ ಇರಲಿಲ್ಲ. ನಿರ್ದೇಶಕರು ಬಗ್ಗಿ ನೋಡಿ, 'ಇದು?' ಅಂದರು. ನೀನು ಅದನ್ನು ಒಮ್ಮೆ ಸವರಿದೆ.

'ಇದು ನನ್ನ ಕೈಯ್ದು' ಅಂದೆ.

ಅದರ ಪಕ್ಕದ ತುಂಡು ಜಾಳುಜಾಳು, ಒಂದು ಕಣ್ಣು ದೊಡ್ಡದು, ಇನ್ನೊಂದು ಸಣ್ಣದು. ಅದಕ್ಕೆ ನೀನು, 'ಯಾರದ್ದೋ ಏನೋ, ನೆನಪಿಲ್ಲ' ಎಂದು ಮುಂದೆ ಹೋದೆ. ಅಷ್ಟು ಮನೆಗಳ ಹೆಸರು ತಪ್ಪದೆ ಹೇಳಿದವನಿಗೆ ಅದೊಂದು ಮಾತ್ರ ಹೇಗೆ ಮರೆಯಿತು ಅಂತ ನನಗೆ ಆಗ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಬಲೆಯನ್ನು ಕುಮಟೆಯ ದೊಡ್ಡ ಕೋಣೆಯಲ್ಲಿ ತೂಗುಹಾಕಿ ಕೆಳಗೆ ಕಾರ್ಡುಗಳನ್ನು ಇಟ್ಟವಳು ನಾನೇ. ಒಂದರ ಮೇಲೆ 'ದುರ್ಗಪ್ಪ, ಕಾಸರಕೋಡ' ಎಂದು ಬರೆದೆ. ಅದರ ಪಕ್ಕದ್ದಕ್ಕೆ 'ಕಟ್ಟಿದವರು ತಿಳಿದಿಲ್ಲ' ಎಂದು ಬರೆದೆ.

ಶನಿವಾರದ ಬಸ್ಸಿಗೆ ನೀನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬರುತ್ತಿದ್ದುದು ಕಣ್ಣಿಗೆ ಕಟ್ಟಿದ ಹಾಗಿದೆ. ಮಕ್ಕಳಿಗೆ ಬಲೆ ಕಟ್ಟುವ ಗಂಟು ಕಲಿಸಲು ಸಂಗ್ರಹಾಲಯದವರು ನಿನ್ನನ್ನೇ ಕರೆದಿದ್ದರು. ಮಕ್ಕಳು ಮುಟ್ಟಿ ನೋಡಲೆಂದೇ ಇರುವ ಕೋಣೆಯಲ್ಲಿ ನೀನು ನಡುವೆ, ಸುತ್ತ ಹೊನ್ನಾವರದ್ದೋ ಭಟ್ಕಳದ್ದೋ ಶಾಲೆಯ ಇಪ್ಪತ್ತು ಮಕ್ಕಳು. 'ದುರ್ಗಪ್ಪಜ್ಜ' ಅಂದರೆ ಅವರಿಗೆ ಪ್ರಾಣ. ಕಡಲಿನ ಬಣ್ಣ ನೋಡಿ ಬಂಗಡೆ ಎಲ್ಲಿದೆ ಅಂತ ಹೇಳುತ್ತಿದ್ದ ಕಥೆಯನ್ನು ಎಷ್ಟು ಸಲ ಹೇಳಿದರೂ ಬಾಯಿಬಿಟ್ಟು ಕೇಳುತ್ತಿದ್ದವು. ನಾನು ಬಾಗಿಲ ಬಳಿ ನಿಂತು, ಇಂಥ ಅಪ್ಪ ಯಾರಿಗೆ ಸಿಗುತ್ತಾನೆ ಎಂದುಕೊಳ್ಳುತ್ತಿದ್ದೆ.

ಮಾವಳ್ಳಿಯ ಶಾಲೆಯ ಶಿಲ್ಪಾ ಎಂಬ ಹುಡುಗಿಯನ್ನು ನೀನು ಮರೆತಿರಬಹುದು. ಎರಡು ಜಡೆ, ಮುಂದಿನ ಹಲ್ಲು ಸ್ವಲ್ಪ ಮುರಿದದ್ದು. ಎಲ್ಲರೂ ಬಲಗೈಯಲ್ಲಿ ಬಲೆಸೂಜಿ ಹಿಡಿದರೆ ಅವಳು ಎಡಗೈಯಲ್ಲಿ ಹಿಡಿದಿದ್ದಳು. ನೀನು ಅವಳ ಕೈಯಿಂದ ಸೂಜಿ ತೆಗೆದು ಇನ್ನೊಂದು ಕೈಗೆ ಕೊಟ್ಟೆ.

'ಈ ಕೈಲಿ ಹಿಡಿ ತಂಗಿ. ಎಡಗೈ ಗಂಟು ಬಲೆಗೆ ಆಗಿಬರೂದಿಲ್ಲ.'

'ನಂಗೆ ಈ ಕೈಲೇ ಬರೂದು ಅಜ್ಜ' ಅಂದಳು ಆ ಹುಡುಗಿ.

'ಹಂಗಾದ್ರೆ ಸುಮ್ನೆ ಕೂತು ನೋಡು, ಆತು.'

ಅವಳು ಸುಮ್ಮನೆ ಕೂತು ನೋಡಿದಳು. ಒಂದು ಗಂಟೆ. ಮುಂದಿನ ಸಲ ಆ ಶಾಲೆ ಬಂದಾಗ ಅವಳು ಬರಲಿಲ್ಲ, ಹೊಟ್ಟೆನೋವು ಎಂದು ಟೀಚರು ಹೇಳಿದರು. ಮಕ್ಕಳನ್ನು ಹೇಗೆ ನೋಡಿಕೊಳ್ಳಬೇಕು ಎಂದು ಬೇರೆಯವರಿಗೆ ತರಬೇತಿ ಕೊಡುವವಳು ನಾನು. ನನ್ನ ಅಪ್ಪ ಹೇಳಿದ್ದು ಅಂತ ಬಾಯಿ ಮುಚ್ಚಿಕೊಂಡಿದ್ದೆ.

ನೀನು ಹೋದ ಮೇಲೆ ನಿರ್ದೇಶಕರು ಮನೆಗೆ ಬಂದು ನಿನ್ನ ಫೋಟೋದ ಮುಂದೆ ಕೂತು ಹೇಳಿದ ಮಾತು ಕೇಳಿ ನಾನು ಅತ್ತಿದ್ದೆ. ಕುಮಟೆ, ಹೊನ್ನಾವರ, ಭಟ್ಕಳ ಮೂರೂ ತಾಲೂಕಿನ ಶಾಲೆಗಳಿಗೆ ಹಂಚುವ ಕಿರುಪುಸ್ತಕದ ಮುಖಪುಟಕ್ಕೆ ನಿನ್ನ ತುಂಡಿನ ಚಿತ್ರ, ಕೆಳಗೆ ನಿನ್ನ ಹೆಸರು. ಕರಾವಳಿಯ ಕಸುಬುದಾರನೊಬ್ಬನ ಹೆಸರು ಮಕ್ಕಳ ಕೈಗೆ ಹೋಗಲಿ ಎಂದರು. ಮುದ್ರಣಕ್ಕೆ ಕಳಿಸುವ ಮೊದಲು ಕೊನೆಯ ಬಾರಿ ತಪ್ಪು ನೋಡುವುದು ನನ್ನ ಕೆಲಸ. ಆ ಹಾಳೆಗಳು ನನ್ನ ಮೇಜಿನ ಮೇಲಿದ್ದ ವಾರದಲ್ಲೇ ಊರ ದಿನ ಬಂತು.

ಊರ ದಿನ ಅಂದರೆ ಗೊತ್ತಲ್ಲ, ವರ್ಷಕ್ಕೊಮ್ಮೆ ಒಂದು ಊರಿನ ಹಿರಿಯರನ್ನು ಕರೆಸಿ ಸಂಗ್ರಹಾಲಯ ತೋರಿಸುವುದು. ಈ ಸಲ ಅಘನಾಶಿನಿಗೆ ಬಸ್ಸು ಕಳಿಸಿದ್ದೆವು. ಇಳಿದವರಲ್ಲಿ ಕೊನೆಯವಳು ಬೆಳ್ಳಗಿನ ತಲೆಯ, ಒಣಗಿದ ಮೈಯ ಮುದುಕಿ. ನನ್ನ ಮುಖ ನೋಡಿ, 'ನಾಗವೇಣಿ ಅಲ್ದಾ ನೀನು' ಅಂದಳು. ಅಪ್ಪಾ, ನನಗೆ ಗುರುತೇ ಸಿಗಲಿಲ್ಲ. ನಿನ್ನ ಒಡಹುಟ್ಟಿದ ತಂಗಿ, ನನ್ನ ಮಾದೇವತ್ತೆ, ನನ್ನ ತಲೆ ಬಾಚಿ ಶಾಲೆಗೆ ಕಳಿಸಿದವಳು, ಅವಳ ಗುರುತು ನನಗೆ ಸಿಗಲಿಲ್ಲ. ಹದಿಮೂರನೆಯ ದಿನಕ್ಕೂ ಅವಳು ಬಂದಿರಲಿಲ್ಲ. ಯಾಕೆ ಬರಲಿಲ್ಲ ಎಂದು ನಾನು ಕೇಳಲೂ ಇಲ್ಲ, ಹೊಳೆಯಲ್ಲಿ ಬಳಚಿನ ಚಿಪ್ಪು ಆಯ್ದು ಬದುಕುವವಳಿಗೆ ಒಂದು ದಿನದ ಕೆಲಸ ಬಿಡಲು ಆಗಲಿಲ್ಲವೇನೋ ಎಂದುಕೊಂಡಿದ್ದೆ.

ಬಲೆಯ ಮುಂದೆ ಬಂದಾಗ ಎಲ್ಲರೂ ಅಡ್ಡ ಕಟ್ಟಿದ ಹಗ್ಗದ ಈಚೆ ನಿಂತರು, ಅತ್ತೆ ಮಾತ್ರ ಬಗ್ಗಿ ಹಗ್ಗದ ಆಚೆ ಹೋದಳು. ಕಾವಲಿನವನು ಓಡಿಬಂದು, 'ಅಮ್ಮಾ, ಮುಟ್ಟಬೇಡಿ' ಅಂದ.

'ಎಂತಕೆ ಮುಟ್ಟೂಕಾಗೂದಿಲ್ಲ? ಕಟ್ಟೂವಾಗ ನೀ ಅಲ್ಲಿದ್ಯನಾ?'

ಹಾಗೆಂದು ತನ್ನ ಪಾಡಿಗೆ ತಾನು ತುಂಡಿನಿಂದ ತುಂಡಿಗೆ ಕೈ ಹಾಯಿಸುತ್ತಾ ಹೋದಳು, ನೀನು ಹಾಯಿಸುತ್ತಿದ್ದ ಹಾಗೆಯೇ. ನಡುಭಾಗಕ್ಕೆ ಬಂದು ನಿಂತಳು. ಕಾರ್ಡಿನ ಕಡೆ ಬೆರಳು ತೋರಿಸಿ ಕೇಳಿದಳು.

'ಇಲ್ಲಿ ಎಂತ ಬರ್ದಿದ್ದು? ಓದು ನೋಡ್ವ.'

ಓದಿದೆ. ಅವಳು ಸಿಟ್ಟಾಗಲಿಲ್ಲ. ಅಳಲಿಲ್ಲ. 'ನೀನೇ ಬರ್ದದ್ದಾ?' ಅಂದಳು. ಹೌದು ಅಂದೆ. ಆಗ ನನ್ನ ಬೆರಳನ್ನು ಹಿಡಿದು ಒಂದು ಗಂಟಿನ ಮೇಲೆ ಇಟ್ಟಳು, ಆಮೇಲೆ ಬೇರೆ ಮನೆಯ ತುಂಡಿನ ಗಂಟಿನ ಮೇಲೆ ಇಟ್ಟಳು. ಉಳಿದ ಎಲ್ಲ ತುಂಡುಗಳಲ್ಲೂ ಗಂಟಿನ ಸುತ್ತು ಬಲಕ್ಕೆ ತಿರುಗಿದೆ. ಈ ತುಂಡಿನಲ್ಲಿ ಮಾತ್ರ ಎಡಕ್ಕೆ. ಒಂದಲ್ಲ, ಎರಡಲ್ಲ, ಮೊದಲಿನಿಂದ ಕೊನೆಯವರೆಗೆ.

'ನಮ್ಮಲ್ಲಿ ಎಡಗೈಲಿ ಕಟ್ತಿದ್ದದ್ದು ಯಾರು ಹೇಳು' ಅಂದಳು.

ಯಾರು ಎಂದು ನನಗೆ ಗೊತ್ತಿತ್ತು. ಎಡಗೈಯಲ್ಲಿ ನನ್ನ ತಲೆ ಬಾಚುತ್ತಿದ್ದವಳು. ಎಡಗೈಯಲ್ಲಿ ಮೀನು ಹೆಚ್ಚುತ್ತಿದ್ದುದಕ್ಕೆ ಅಜ್ಜಿಯಿಂದ ಬೈಸಿಕೊಳ್ಳುತ್ತಿದ್ದವಳು. ಅಷ್ಟು ದಿನ ಆ ಬಲೆಯ ಕೆಳಗೆ ಓಡಾಡಿ, ಮಕ್ಕಳಿಗೆ 'ಹತ್ತಿರದಿಂದ ನೋಡಿ, ಗಮನಿಸಿ' ಎಂದು ಪಾಠ ಹೇಳಿದ ನಾನು ಒಮ್ಮೆಯೂ ಗಮನಿಸಿರಲಿಲ್ಲ. ನೀನು ಮಾತ್ರ ಗಮನಿಸಿದ್ದೆ. ಕೈ ಸವರಿದರೆ ಮನೆ ಹೇಳುವವನು ನೀನು, ಆ ಗಂಟು ನಿನಗೆ ಗೊತ್ತಾಗದೆ ಇದ್ದೀತೇ? ಗೊತ್ತಿದ್ದೂ 'ನನ್ನ ಕೈಯ್ದು' ಅಂದೆಯಲ್ಲ, ಅದೂ ನನ್ನ ಫೋನಿನ ಮುಂದೆ, ನನ್ನ ಕೈಯಲ್ಲೇ ಆ ಸುಳ್ಳನ್ನು ಬರೆಸಿ…

ನಾನು ನಾಲ್ಕನೆಯ ತರಗತಿಯಲ್ಲಿದ್ದಾಗಿನ ಒಂದು ಬೆಳಿಗ್ಗೆ ಅವತ್ತು ಬಸ್ಸು ವಾಪಸು ಹೋದ ಮೇಲೆ ನೆನಪಾಯಿತು. ದಡದಲ್ಲಿ ಬಲೆ ಜೋಡಿಸುತ್ತಿದ್ದರು, ನೀನು ಹೆಸರು ಕೂಗುತ್ತಿದ್ದೆ. ಅತ್ತೆ ನನ್ನ ಕೈ ಹಿಡಿದು ನಿಂತಿದ್ದಳು. ಗಂಡನನ್ನು ಕಳೆದುಕೊಂಡು ತವರಿಗೆ ಬಂದು ಮೂರು ವರ್ಷವಾಗಿತ್ತು, ಆ ಮೂರು ವರ್ಷವೂ ಅವಳು ಜಗಲಿಯಲ್ಲಿ ಕೂತು ತುಂಡು ಕಟ್ಟಿದ್ದಳು. ನೀನು ನಡುಭಾಗಕ್ಕೆ ಬಂದೆ, 'ದುರ್ಗಪ್ಪಂದು' ಎಂದು ನಿನ್ನ ಹೆಸರನ್ನೇ ಕೂಗಿದೆ, ನೀನೇ 'ಓ' ಅಂದೆ. ಎಲ್ಲರೂ ನಕ್ಕರು. ಅತ್ತೆಯ ಕೈ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿಯಿತು ಎಂದರೆ ನಾನು ನೋವಿಗೆ ಕೂಗಿದೆ. ಅದಾಗಿ ವಾರದೊಳಗೆ ಅವಳು ಅಘನಾಶಿನಿಗೆ ಹೋದಳು. ಅಲ್ಲಿ ಕೆಲಸ ಇದೆಯಂತೆ ಎಂದು ನೀನು ನನಗೆ ಹೇಳಿದೆ.

ಊರ ದಿನ ಮುಗಿದು ಬಸ್ಸು ಹತ್ತುವ ಮೊದಲು ಅತ್ತೆ ಹೇಳಿದ್ದು ಇಷ್ಟೇ: 'ಅಂವ ಒಂದು ಸಲ ಕರೀಲಿ ಅಂತ ಮೂರು ವರ್ಷ ದಡದ ಮೇಲೆ ನಿಂತೆ. ಕರೀಲಿಲ್ಲ. ಮತ್ತೆ ಅಲ್ಲಿ ಎಂತಕೆ ಇರೂದು?'

ನೀನು ಏನು ಹೇಳುತ್ತಿದ್ದೆ ಎಂದು ನನಗೆ ಗೊತ್ತು ಅಪ್ಪಾ. ಈ ವಾರ ಪೂರ್ತಿ ನಿನ್ನ ಪರವಾಗಿ ನಾನೇ ವಾದ ಮಾಡಿದ್ದೇನೆ. ಎಡಗೈ ಗಂಟು ಆಗಿಬರುವುದಿಲ್ಲ ಎನ್ನುವವರು ಊರಿನಲ್ಲಿದ್ದರು, ಮೇಲಾಗಿ ಗಂಡ ಸತ್ತ ಹೆಂಗಸಿನ ಕೈ. ಅವಳ ಹೆಸರು ಕೂಗಿದ್ದರೆ ಹಿರಿಯರು ತುಂಡನ್ನು ಬಿಚ್ಚಿ ಎಸೆಯಿಸುತ್ತಿದ್ದರು, ಅದಕ್ಕೇ ನನ್ನ ಹೆಸರಿನ ಕೆಳಗೆ ಬಚ್ಚಿಟ್ಟೆ, ತಂಗಿಯ ಕೆಲಸವನ್ನು ಬಲೆಯಲ್ಲಿ ಉಳಿಸಿದೆ ಎನ್ನುತ್ತಿದ್ದೆ. ಇರಬಹುದು. ಅವತ್ತಿನ ಮಟ್ಟಿಗೆ ಒಪ್ಪಿಕೊಂಡೆ. ಆದರೆ ಬಚ್ಚಿಟ್ಟದ್ದು ಅವಳಿಗೆ ಗೊತ್ತಾಗುವ ಹಾಗೆ ಅಡುಗೆಮನೆಯಲ್ಲಿ ಒಂದು ಮಾತು ಹೇಳಲಿಕ್ಕೂ ನಿನಗೆ ಬಾಯಿ ಬರಲಿಲ್ಲವೇ? ಮತ್ತೆ ಈಗ? ಆ ಹಿರಿಯರಲ್ಲಿ ಒಬ್ಬರೂ ಉಳಿದಿಲ್ಲ, ರಂಪಣಿಯೇ ಉಳಿದಿಲ್ಲ. ಕುಮಟೆಯ ಆ ತಂಪು ಕೋಣೆಯಲ್ಲಿ, ಮಕ್ಕಳ ನಡುವೆ ಕೂತು, ನೀನು ಯಾರಿಗೆ ಹೆದರಿದೆ? ಹೆದರಿಕೆ ಅಲ್ಲ ಅಪ್ಪಾ. ಹೇಳಿ ಹೇಳಿ ಆ ತುಂಡು ನಿನ್ನದೇ ಆಗಿಹೋಗಿತ್ತು. ಅದೇ ಬಾಯಲ್ಲಿ ಮಾವಳ್ಳಿಯ ಹುಡುಗಿಗೂ ಸುಮ್ಮನೆ ಕೂತು ನೋಡು ಅಂದೆಯಲ್ಲ, ಅದನ್ನು ನನ್ನಿಂದ ನುಂಗಲು ಆಗುತ್ತಿಲ್ಲ.

ಮರುದಿನ ನಿರ್ದೇಶಕರ ಕೋಣೆಗೆ ಹೋಗಿ ಕಾರ್ಡು ಬದಲಿಸಬೇಕು, ಕಿರುಪುಸ್ತಕ ನಿಲ್ಲಿಸಬೇಕು ಅಂದೆ. ಅವರು ಕನ್ನಡಕ ತೆಗೆದು ಒರೆಸಿದರು.

'ನಾಗವೇಣಿಯವರೇ, ನಮ್ಮ ಹತ್ತಿರ ದಾಖಲೆ ಇದೆಯಲ್ಲ. ನಿಮ್ಮ ತಂದೆಯವರೇ ಹೇಳಿದ್ದು, ನೀವೇ ಚಿತ್ರೀಕರಿಸಿದ್ದು.'

ನೋಡು, ನೀನು ಸತ್ತ ಮೇಲೂ ನಿನ್ನ ಮಾತೇ ನಡೆಯುತ್ತದೆ. ಅವಳದ್ದು ಎಲ್ಲೂ ದಾಖಲಾಗಿಲ್ಲ. ನಾನು ಮೇಜಿನ ಮೇಲೆ ಕೈ ಊರಿ ನಿಂತು, ಇಷ್ಟು ವರ್ಷದಲ್ಲಿ ಅವರ ಮುಂದೆ ಎತ್ತದ ದನಿ ಎತ್ತಿದೆ. ಅಘನಾಶಿನಿಯಿಂದ ಅವಳನ್ನು ಕರೆತರುತ್ತೇನೆ, ನಿಮ್ಮ ಮುಂದೆ ಕಟ್ಟಿಸುತ್ತೇನೆ, ಗಂಟು ನೋಡಿ ಆಮೇಲೆ ಹೇಳಿ, ಇಲ್ಲದಿದ್ದರೆ ಇದರ ಮೇಲೆ ನನ್ನ ಸಹಿ ಬೀಳುವುದಿಲ್ಲ ಅಂದೆ. ಎರಡು ದಿನ ಬಿಟ್ಟು ಅತ್ತೆ ಬಂದು ಅದೇ ಮೇಜಿನ ಮುಂದೆ ಕೂತಳು. ಬಳಚಿನ ಚಿಪ್ಪು ಕೊಯ್ದು ಗೀರುಬಿದ್ದ ಬೆರಳು, ಆದರೂ ಎಡಗೈಯಲ್ಲಿ ಸೂಜಿ ಹಿಡಿದರೆ ನಿಂತದ್ದೇ ಇಲ್ಲ. ನಿರ್ದೇಶಕರು ಭೂತಗನ್ನಡಿ ತಂದು ಅವಳ ಹೊಸ ಗಂಟನ್ನೂ ಬಲೆಯ ಹಳೆಯ ಗಂಟನ್ನೂ ಎಷ್ಟೋ ಹೊತ್ತು ನೋಡಿದರು. ಕಡೆಗೆ, 'ಕಾರ್ಡು ಬದಲಿಸಿ, ಪುಸ್ತಕದಲ್ಲೂ ಹೆಸರು ತಿದ್ದಿ. ಸಮಿತಿಗೆ ನಾನು ಹೇಳುತ್ತೇನೆ' ಅಂದರು. ಎಲ್ಲಿಂದಲೋ ಬಂದ ಮನುಷ್ಯ ಅರ್ಧ ದಿನದಲ್ಲಿ ಅವಳಿಗೆ ಕೊಟ್ಟದ್ದನ್ನು ಅಣ್ಣನಾಗಿ ನೀನು ಒಂದು ಆಯುಷ್ಯದಲ್ಲಿ ಕೊಡಲಿಲ್ಲ.

ಹೊರಡುವಾಗ ಅತ್ತೆ ಆ ಜಾಳು ತುಂಡಿನ ಮುಂದೆ ನಿಂತು ನಕ್ಕಳು. 'ಕಟ್ಟಿದವರು ತಿಳಿದಿಲ್ಲ' ಎಂದು ನಾನು ಬರೆದಿದ್ದೆನಲ್ಲ, ಅದು.

'ಇದು ನಿನ್ನಪ್ಪಂದು. ಕಣ್ಣು ನೋಡು, ಒಂದು ದೊಡ್ಡ ಒಂದು ಸಣ್ಣ. ಕಡಲು ಓದೂಕೆ ಅವನ ಹಂಗೆ ಮತ್ತೊಬ್ಬ ಇರ್ಲಿಲ್ಲ. ಕೂತು ಕಟ್ಟೂಕೆ ತಾಳ್ಮೆ ಎಲ್ಲಿತ್ತು ಅವಂಗೆ?'

ನಿನ್ನ ಸ್ವಂತ ಕೈಯ ಕೆಲಸವನ್ನು ನೀನೇ ಅನಾಥ ಮಾಡಿದೆಯಲ್ಲ ಮಾರಾಯ. ಕೆಟ್ಟದಾಗಿದ್ದರೇನಾಯಿತು, ನಿನ್ನದಲ್ಲವೇ ಅದು?

ನಿನ್ನೆಯ ಶನಿವಾರದ್ದು ನೀನು ಕೇಳಿರದ ಸುದ್ದಿ. ಮಾವಳ್ಳಿಯ ಟೀಚರಿಗೆ ನಾನೇ ಫೋನು ಮಾಡಿ ಶಿಲ್ಪಾ ಬರಲೇಬೇಕು ಅಂದಿದ್ದೆ. ಅತ್ತೆ ಅವಳನ್ನು ತನ್ನ ಎದುರಿಗಲ್ಲ, ಪಕ್ಕಕ್ಕೆ ಕೂರಿಸಿಕೊಂಡಳು. 'ಯಾವ ಕೈಲಿ ಬರೂದು ನಿಂಗೆ?' ಅಂದಳು. ಹುಡುಗಿ ಹೆದರಿಕೊಂಡೇ ಎಡಗೈ ಮುಂದೆ ಚಾಚಿದಳು. 'ಸಾಕಲೆ' ಅಂದಳು ಅತ್ತೆ. ಊಟದ ಹೊತ್ತಿಗೆ ಹುಡುಗಿಯ ಮಡಿಲಲ್ಲಿ ಒಂದು ಗೇಣು ಬಲೆ ಇತ್ತು. ಸೊಟ್ಟ ಇತ್ತು, ಇರಲಿ.

ಆಮೇಲೆ ನಾನು ಮಕ್ಕಳನ್ನೆಲ್ಲ ದೊಡ್ಡ ಕೋಣೆಗೆ ಕರೆದುಕೊಂಡು ಹೋಗಿ, ಹಗ್ಗ ಬಿಚ್ಚಿಸಿ, ಓಗೊಡುವ ನಿಯಮ ಹೇಳಿ, ಬಲೆಯನ್ನು ಈ ತುದಿಯಿಂದ ಹಾಯಿಸುತ್ತಾ ಹೆಸರು ಕೂಗಿದೆ. ಕಾಸರಕೋಡಿನಿಂದ ಕೆಲವು ಮನೆಯವರನ್ನು ಕರೆಸಿದ್ದೆ, ಅವರು ತಮ್ಮ ಅಜ್ಜಂದಿರ ಹೆಸರಿಗೆ ಓಗೊಟ್ಟರು. ನಡುಭಾಗಕ್ಕೆ ಬಂದೆ. 'ಮಾದೇವಿ' ಎಂದು ಕೂಗಿದೆ. ಅತ್ತೆ ತಕ್ಷಣ ಓ ಅನ್ನಲಿಲ್ಲ. ಸೆರಗು ಸರಿಮಾಡಿಕೊಂಡು, ಎದ್ದು ನಿಂತು, ಆಮೇಲೆ ಅಂದಳು. ಅಷ್ಟು ಗಟ್ಟಿಯಾಗಿ ಅಂದಳು ಅಂದರೆ ಬಾಗಿಲಲ್ಲಿದ್ದ ಕಾವಲಿನವನು ತಿರುಗಿ ನೋಡಿದ.

ಪಕ್ಕದ್ದು ನಿನ್ನದು. 'ದುರ್ಗಪ್ಪ' ಎಂದು ಕೂಗಿದೆ. ಓಗೊಡಬೇಕಾದ್ದು ನಾನು, ನಿನ್ನ ಮನೆಯವಳು. ನನ್ನ ಬಾಯಿ ಏಳಲಿಲ್ಲ ಅಪ್ಪಾ. ಸುಳ್ಳು ಹೇಳುವುದಿಲ್ಲ, ಏಳಿಸಲಿಲ್ಲ ನಾನು. ಸ್ವಲ್ಪ ಹೊತ್ತು ನಿನ್ನ ಹೆಸರು ಹಾಗೇ ನಿಂತಿರಲಿ, ಅವಳು ಮೂರು ವರ್ಷ ನಿಂತ ಹಾಗೆ, ಅನ್ನಿಸಿತು. ಮಕ್ಕಳು ನನ್ನ ಮುಖ ನೋಡುತ್ತಿದ್ದರು. ಶಿಲ್ಪಾ ಮೆಲ್ಲಗೆ, 'ಈ ತುಂಡು ತೆಗೀಬೇಕನಾ ಅಕ್ಕೋರೆ?' ಎಂದು ಕೇಳಿದಳು.

ಹಿಂದಿನಿಂದ 'ಓ' ಎಂಬ ದನಿ ಬಂತು. ಅತ್ತೆ ಮತ್ತೆ ಕೂತಿದ್ದಳು. ಹುಡುಗಿಯ ಸೊಟ್ಟ ಬಲೆಯನ್ನು ಮಡಿಲಿಗೆ ಎಳೆದುಕೊಂಡು ಸರಿಮಾಡುತ್ತಿದ್ದಳು, ತಲೆ ಎತ್ತಿರಲಿಲ್ಲ.

ನಿನ್ನ ತುಂಡು ಬಲೆಯಲ್ಲೇ ಇದೆ. ಕಾರ್ಡಿನ ಮೇಲೆ ನಿನ್ನ ಹೆಸರು ಬರೆದಿದ್ದೇನೆ, ಈ ಸಲ ಸರಿಯಾದ ಜಾಗದಲ್ಲಿ. ಮುಂದಿನ ವರ್ಷವೂ ಕೂಗುತ್ತೇನೆ. ಅಷ್ಟರಲ್ಲಿ ನನ್ನ ಸಿಟ್ಟು ಇಳಿದಿದ್ದರೆ ನಾನೇ ಓಗೊಡುತ್ತೇನೆ. ಇಳಿಯದಿದ್ದರೆ, ನಿನಗೆ ತಂಗಿ ಇದ್ದಾಳೆ.

ನಿನ್ನ ಮಗಳು,
ನಾಗವೇಣಿ